ಮೂರು ಪಟ್ಟು ಭರವಸೆಯ ಟಿಕೆಟ್

ನನ್ನ ಮೊಬೈಲಿನಲ್ಲಿ ಒಂದು ವಿಮಾನದ ಕೂಪನ್ ಬಿದ್ದಿದೆ. ಇನ್ನೂ ಹದಿನೈದು ದಿನ ಅದಕ್ಕೆ ಜೀವವಿದೆ. ಯಾರಿಗಾದರೂ ಬೇಕಿದ್ದರೆ ಹೇಳಿ, ಕೊಟ್ಟುಬಿಡುತ್ತೇನೆ.

(ಕೊಡಲು ಬರುವುದಿಲ್ಲವಂತೆ. 'ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ' ಎಂದು ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ಬರೆದಿದೆ. ಈಗಷ್ಟೇ ಓದಿದೆ.)

ನಾನಿರುವುದು ಕೊಪ್ಪಳದಲ್ಲಿ. ವಿಮಾನ ಹತ್ತಬೇಕೆಂದರೆ ಹುಬ್ಬಳ್ಳಿಗೆ ಹೋಗಬೇಕು. ಹುಬ್ಬಳ್ಳಿಗೆ ಹೋಗಲು ರೈಲು ಹತ್ತಬೇಕು. ಆದರೆ ಈ ಕೂಪನ್ ಬಂದದ್ದೇ ರೈಲಿನಲ್ಲಿ ಸೀಟು ಸಿಗಲಿಲ್ಲ ಎಂಬ ಕಾರಣಕ್ಕೆ! ನಗಬೇಕಾದ ವಿಷಯ. ಎರಡೂವರೆ ತಿಂಗಳಿಂದ ಪ್ರಯತ್ನಿಸುತ್ತಿದ್ದೇನೆ, ನಗು ಬರುತ್ತಿಲ್ಲ.

ಆದದ್ದು ಇಷ್ಟು. ಯಲಬುರ್ಗಾದಲ್ಲಿರುವ ನನ್ನ ಅಕ್ಕನ ಮಗಳು ಸವಿತಾ ನರ್ಸ್. ನಮ್ಮ ಜಿಲ್ಲೆಯ ಸಿದ್ದಾಪುರದ ಆಸ್ಪತ್ರೆಯಲ್ಲಿ ಆರು ವರ್ಷದಿಂದ ಗುತ್ತಿಗೆ ಮೇಲೆ ದುಡಿಯುತ್ತಿದ್ದಳು. ಮಾರ್ಚ್ ಬಂತೆಂದರೆ ಮುಂದುವರಿಸುತ್ತಾರೋ ಇಲ್ಲವೋ ಎಂಬ ಹೆದರಿಕೆ. ಈ ಸಲ ಸರ್ಕಾರಿ ನೌಕರಿಯ ಪಟ್ಟಿಯಲ್ಲಿ ಅವಳ ಹೆಸರು ಬಂತು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಬೆಂಗಳೂರಿನಲ್ಲಿ ಮೂಲ ದಾಖಲೆಗಳ ಪರಿಶೀಲನೆ. ಅವತ್ತು ಹೋಗದಿದ್ದರೆ ಹೆಸರು ಪಟ್ಟಿಯಿಂದ ಹೊರಕ್ಕೆ. ಇನ್ನೊಮ್ಮೆ ಅರ್ಜಿ ಹಾಕೋಣವೆಂದರೆ ಅವಳ ವಯಸ್ಸಿನ ಮಿತಿಯೂ ಮುಗಿಯುತ್ತ ಬಂದಿತ್ತು.

ಯಲಬುರ್ಗಾದವರಿಗೆ ಬಸ್ಸು ಗೊತ್ತು, ರೈಲು ಅಷ್ಟಕ್ಕಷ್ಟೇ. ರೈಲಿನ ಕೆಲಸ ಬಿದ್ದರೆ ಅಕ್ಕ ನೇರ ನನ್ನ ಮನೆಗೆ ಬರುತ್ತಾಳೆ. ರೈಲೊಂದೇ ಅಲ್ಲ. ಪಹಣಿಯಲ್ಲಿ ಹೆಸರು ತಪ್ಪಿದರೆ ನಾನು, ಗ್ಯಾಸ್ ಬರದಿದ್ದರೆ ನಾನು, ಕನ್ನಡಕ ಮಸುಕಾದರೂ ನಾನೇ. "ಪೇಪರ್‌ನಾಗ ಬರಿಯೋ ತಮ್ಮ ಅದಾನ, ನನಗೇನ್ ಚಿಂತಿ?" ಎಂದು ಓಣಿಯ ತುಂಬ ಹೇಳಿಕೊಂಡು ತಿರುಗುವವಳು.

ಎರಡು ವಾರ ಮೊದಲೇ ತಾಯಿ, ಮಗಳು ಇಬ್ಬರೂ ಬಂದು ಕೂತರು. ಭಾನುವಾರ ರಾತ್ರಿಯ ಬೆಂಗಳೂರು ರೈಲಿಗೆ ಇಬ್ಬರ ಟಿಕೆಟ್ ಮಾಡಿಸಲು ನಾನು ಮೊಬೈಲು ತೆಗೆದೆ. ಆಗ ಕಣ್ಣಿಗೆ ಬಿತ್ತು ಟಿಕೆಟ್ ಮಾರುವ ಒಂದು ಆ್ಯಪಿನ ಜಾಹೀರಾತು. 'ಸೀಟು ಪಕ್ಕಾ. ಇಲ್ಲವಾದರೆ ಮೂರು ಪಟ್ಟು ವಾಪಸ್!' ಪಕ್ಕದಲ್ಲಿ ಹಲ್ಲು ಕಿರಿಯುವ ಒಂದು ಸಂಸಾರ. ವೇಟಿಂಗ್ ಇದ್ದರೂ ಸೀಟು ಸಿಗುವ ಸಾಧ್ಯತೆ ತೊಂಬತ್ತು ಪರ್ಸೆಂಟಿಗೂ ಹೆಚ್ಚು ಎಂದು ಹಸಿರು ಬಣ್ಣದಲ್ಲಿ ತೋರಿಸಿತು. ಹಸಿರು ಬಣ್ಣ ಕಂಡರೆ ನಮಗೆ ಯಾಕಷ್ಟು ನಂಬಿಕೆಯೋ?

ಹೆಸರು, ವಯಸ್ಸು ತುಂಬಿದ ಮೇಲೆ ಶುರುವಾಯಿತು ನೋಡಿ. ಫ್ರೀ ಕ್ಯಾನ್ಸಲೇಶನ್ ಬೇಕೆ? ಸೀಟಿನ ಗ್ಯಾರಂಟಿ ಬೇಕೆ? ಪ್ರಯಾಣದ ಸುರಕ್ಷೆ ಬೇಕೆ? 'ಹೌದು' ಎನ್ನುವ ಬಟನ್ ಅಂಗೈ ಅಗಲ ಇತ್ತು. 'ಬೇಡ' ಎನ್ನುವುದು ಕೆಳಗೆ, ಬೂದಿ ಬಣ್ಣದಲ್ಲಿ. ಅದೂ ಬರಿ 'ಬೇಡ' ಅಲ್ಲ. 'ಬೇಡ, ನನ್ನ ಹಣ ಕಳೆದುಕೊಳ್ಳಲು ನಾನು ಸಿದ್ಧ' ಎಂದಿತ್ತು. ಇದನ್ನು ಅಕ್ಕನಿಗೆ ಓದಿ ಹೇಳಿದೆ.

"ಫ್ರೀ ಅಂದ್ರ ಪುಕ್ಕಟ ಹೌದಲ್ಲೋ?" ಎಂದಳು.

"ಹೌದಕ್ಕಾ."

"ಮತ್ತ ತಗೊ. ಅವರಾಗೇ ಕೊಸರು ಹಾಕಾಕತ್ಯಾರ. ಬ್ಯಾಡ ಅನಬಾರದು."

ನಮ್ಮ ಕಡೆಯವರಿಗೆ ಇದು ಅರ್ಥವಾದೀತು. ಸಂತೆಯಲ್ಲಿ ಒಂದು ಕೇಜಿ ಬದನೆಕಾಯಿ ತೂಗಿದ ಮೇಲೆ ಮಾರುವಾಕೆ ತಾನಾಗಿ ಎರಡು ಕಾಯಿ ಮೇಲೆ ಹಾಕಬೇಕು. ಅದು ಕೊಸರು. ಅದಕ್ಕೆ ದುಡ್ಡಿಲ್ಲ. ಬೇಡ ಎಂದರೆ ಹಾಕಿದವಳಿಗೇ ಅವಮಾನ. ಕೊಸರು ತರದೆ ಮನೆಗೆ ಬಂದರೆ ಅಪ್ಪ ನಮ್ಮನ್ನು ಮತ್ತೆ ಸಂತೆಗೆ ಅಟ್ಟುತ್ತಿದ್ದ. ಅಂಥ ಮನೆಯಲ್ಲಿ ಬೆಳೆದ ಅಕ್ಕ, ತಮ್ಮ ಕೂಡಿ ಮೂರಕ್ಕೂ 'ಹೌದು' ಒತ್ತಿದೆವು. ಅಕ್ಕನಿಗಾದರೂ ಗೊತ್ತಿಲ್ಲ ಎನ್ನಬಹುದು. ಡಿಗ್ರಿ ಓದಿದ, ವಾರವಾರವೂ ನಿಮಗೆ ಬುದ್ಧಿ ಹೇಳುವ ನನಗೆ ಏನಾಗಿತ್ತು?

ಕೊನೆಯ ಪುಟ ಬಂತು. ಮೊದಲು ದಪ್ಪ ಅಕ್ಷರದಲ್ಲಿ ತೋರಿಸಿದ್ದ ದರ ಒಂದು, ಈಗ ಕೇಳುತ್ತಿರುವುದು ಅದರ ಒಂದೂವರೆ ಪಟ್ಟು. ಫ್ರೀ ಕ್ಯಾನ್ಸಲೇಶನ್‌ಗೆ ಇಷ್ಟು, ಗ್ಯಾರಂಟಿಗೆ ಇಷ್ಟು, ಸುರಕ್ಷೆಗೆ ಇಷ್ಟು. ಅದರ ಮೇಲೆ ಅನುಕೂಲ ಶುಲ್ಕ! ಯಾರ ಅನುಕೂಲ ಸ್ವಾಮಿ? ಮೊಬೈಲು ನನ್ನದು, ಡೇಟಾ ನನ್ನದು, ಹೆಸರು ಒತ್ತಿ ಒತ್ತಿ ನೋಯುತ್ತಿರುವ ಬೆರಳೂ ನನ್ನದೇ.

"ಇದೇನೋ? ಕೊಸರಿಗೂ ರೊಕ್ಕ ಹಿಡದಾರಲ್ಲೋ!" ಎಂದಳು ಅಕ್ಕ.

ಹಿಂದೆ ಹೋಗಿ ತೆಗೆಯೋಣವೆಂದರೆ ಮೇಲೆ ಗಡಿಯಾರ ಓಡುತ್ತಿತ್ತು. ಇನ್ನು ಎರಡು ನಿಮಿಷ, ಇಷ್ಟು ಜನ ಇದೇ ರೈಲು ನೋಡುತ್ತಿದ್ದಾರೆ, ಬೇಗ ಬೇಗ. ಹೆದರಿ ದುಡ್ಡು ಕಟ್ಟಿದೆ. ಹೋದದ್ದು ಹೋಗಲಿ, ಸೀಟು ಪಕ್ಕಾ ಅಲ್ಲವೇ ಎಂದು ಸಮಾಧಾನ ಮಾಡಿಕೊಂಡೆ.

ದುಡ್ಡಿನ ಮಾತು ಇಲ್ಲಿಗೆ ಬಿಡಿ. ನಾನು ಮಾಡಿದ ದೊಡ್ಡ ತಪ್ಪು ಬೇರೆಯೇ ಇದೆ.

ಹೊರಡುವ ನಾಲ್ಕು ದಿನ ಮುಂಚೆ ಸವಿತಾ ಫೋನ್ ಮಾಡಿದಳು. ಕುಷ್ಟಗಿಯ ಗೆಳತಿಯೊಬ್ಬಳಿಗೂ ಅವತ್ತೇ ಪರಿಶೀಲನೆಯಂತೆ. ಅಣ್ಣನ ಜೊತೆ ಕಾರಿನಲ್ಲಿ ಭಾನುವಾರ ಬೆಳಿಗ್ಗೆ ಹೊರಡುತ್ತಾಳಂತೆ.

"ಮಾಮಾ, ಕಾರಿನ್ಯಾಗ ಎರಡು ಸೀಟು ಖಾಲಿ ಅದಾವಂತ. ಅವ್ವನ್ನೂ ಕರ್ಕೊಂಡು ಬಾ ಅಂತಾಳ. ಹೋಗ್ಲೇನ್ರಿ?"

"ಬ್ಯಾಡವಾ, ಮಂದಿ ಹಂಗು ಯಾಕ? ಟ್ರೇನ್ ಪಕ್ಕಾ ಐತಿ" ಎಂದೆ.

ಪಕ್ಕಾ! ಆ ಪದ ನನ್ನದಲ್ಲ, ಜಾಹೀರಾತಿನದು. ಆದರೆ ಬಂದದ್ದು ನನ್ನ ಬಾಯಿಂದ. ಅವಳು ಕಾರು ಬೇಡವೆಂದಳು.

ಭಾನುವಾರ ಮಧ್ಯಾಹ್ನ ಇಬ್ಬರೂ ಚೀಲ ಸಮೇತ ನನ್ನ ಮನೆಗೆ ಬಂದರು. ಬುತ್ತಿ ಕಟ್ಟಿದ್ದರು, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ. ಊಟಕ್ಕೆ ಕೂರುವ ಹೊತ್ತಿಗೆ ಸೀಟು ಸಿಕ್ಕವರ ಚಾರ್ಟ್ ಬಂತು. ವೇಟಿಂಗ್ ನಂಬರು ಎರಡಕ್ಕೆ ಇಳಿದು ಅಲ್ಲೇ ಗೂಟ ಹೊಡೆದು ನಿಂತಿತ್ತು. ಟಿಕೆಟ್ ತಾನಾಗಿ ರದ್ದು. ಮೊಬೈಲಿನ ಪರದೆಯ ಮೇಲೆ ಬಣ್ಣದ ಕಾಗದದ ಚೂರುಗಳು ಉದುರಿದವು. 'ಅಭಿನಂದನೆಗಳು! ನೀವು ಮೂರು ಪಟ್ಟು ಲಾಭಕ್ಕೆ ಅರ್ಹರಾಗಿದ್ದೀರಿ!'

ಸವಿತಾ ಮಾರ್ಕ್ಸ್ ಕಾರ್ಡು ತುಂಬಿದ್ದ ಫೈಲನ್ನು ಮಡಿಲಲ್ಲಿಟ್ಟುಕೊಂಡು ನನ್ನ ಮುಖ ನೋಡುತ್ತಿದ್ದಳು. ಕುಷ್ಟಗಿಯ ಕಾರು ಬೆಳಿಗ್ಗೆಯೇ ಹೋಗಿತ್ತು.

ಬಸ್ಸುಗಳನ್ನು ಹುಡುಕಿದೆ. ಭಾನುವಾರ, ಮೇಲೆ ಮದುವೆಯ ಸೀಸನ್. ಸರ್ಕಾರಿ ಬಸ್ಸು ಫುಲ್, ಖಾಸಗಿ ಬಸ್ಸು ಫುಲ್. ಗಂಗಾವತಿಯಿಂದ ಹೊರಡುವವೂ ಫುಲ್. ಕಸ್ಟಮರ್ ಕೇರ್‌ಗೆ ಫೋನ್ ಹಚ್ಚಿದೆ. ಒಂದು ಒತ್ತಿ, ನಾಲ್ಕು ಒತ್ತಿ, ಸಂಗೀತ ಕೇಳಿ. ಕೊನೆಗೆ ಒಂದು ಹೆಣ್ಣುಮಗಳ ದನಿ, ಹಿಂದಿಯಲ್ಲಿ. ಮೂರು ಪಟ್ಟು ಎಂದರೆ ಒಂದು ಪಟ್ಟು ಮಾತ್ರ ಹಣ, ಅದೂ ಸೇವಾ ಶುಲ್ಕಗಳನ್ನು ಹಿಡಿದುಕೊಂಡು. ಉಳಿದ ಎರಡು ಪಟ್ಟು ವಿಮಾನದ ಕೂಪನ್. ಷರತ್ತುಗಳಲ್ಲಿ ಬರೆದಿದೆಯಲ್ಲ ಸರ್, ಓದಲಿಲ್ಲವೇ ಎಂದಳು. ಬಹಳ ವಿನಯ. ಬೇರೆ ಏನಾದರೂ ಸಹಾಯ ಬೇಕೇ ಎಂದೂ ಕೇಳಿದಳು. ಬೈಯಬೇಕೆನಿಸಿತು. ಬೈದರೆ ಪಾಪ, ಆ ಷರತ್ತು ಬರೆದವರಿಗೆ ಕೇಳಿಸುತ್ತದೆಯೇ? ಫೋನ್ ಇಟ್ಟೆ.

ಸಂಜೆ ಕೊಪ್ಪಳ ಸ್ಟೇಷನ್ನಿನ ಕೌಂಟರಿಗೆ ಹೋದೆವು. ಒಳಗಿದ್ದವರು ಗಾಜಿನ ಆಚೆಯಿಂದ ಅಕ್ಕನ ವಯಸ್ಸು ನೋಡಿ, "ಜನರಲ್ ಕೊಡ್ತೀನ್ರಿ. ಆದ್ರ ಕುಂದ್ರಾಕ ಸಿಗೂದಿಲ್ಲ, ನಿಂತ ಹೋಗಬೇಕಾಗತೈತಿ" ಎಂದರು. ನಿಜ ಹೇಳಿದರು, ಅಷ್ಟೇ. ಬಹಳ ದಿನದ ಮೇಲೆ ಟಿಕೆಟ್ ಮಾರುವವರ ಬಾಯಲ್ಲಿ ನಿಜ ಕೇಳಿ ನನಗೆ ಕಣ್ಣಲ್ಲಿ ನೀರೇ ಬಂತು.

ರೈಲು ಬಂತು. ಜನರಲ್ ಡಬ್ಬಿಯ ಬಾಗಿಲಲ್ಲೇ ಜನ ಜೋತಾಡುತ್ತಿದ್ದರು. ಅರವತ್ತು ದಾಟಿದ ಅಕ್ಕನನ್ನು ಹಿಂದಿನಿಂದ ನೂಕಿ ಹತ್ತಿಸಿದೆ. ನನ್ನ ಒಡಹುಟ್ಟಿದವಳನ್ನು ಜೋಳದ ಚೀಲದ ಹಾಗೆ ನೂಕಿದೆ. ಸವಿತಾ ಫೈಲನ್ನು ತಲೆಯ ಮೇಲೆ ಎತ್ತಿ ಹಿಡಿದು ಒಳಗೆ ಸೇರಿಕೊಂಡಳು. ಅಕ್ಕ ಮಾತ್ರ ಸಂದಿಯಿಂದ ಮುಖ ತಿರುಗಿಸಿ, "ನೀ ಮನಿಗೆ ಹೋಗಪ್ಪಾ, ಉಣ್ಣು ಹೋಗು, ಮಧ್ಯಾಹ್ನಾನೂ ಉಂಡಿಲ್ಲ" ಎಂದಳು. ನಾಚಿಕೆಯಾಯಿತು.

ಬೆಂಗಳೂರು ಮುಟ್ಟಿದರು. ಹತ್ತಕ್ಕೆ ಹತ್ತು ನಿಮಿಷ ಇರುವಾಗ ಸವಿತಾ ಸಾಲಿನಲ್ಲಿ ನಿಂತಳಂತೆ. ನೂಕುನುಗ್ಗಲಿನಲ್ಲಿ ಫೈಲಿನ ಜಿಪ್ ಹರಿದು ಒಂದು ಮಾರ್ಕ್ಸ್ ಕಾರ್ಡು ಮುದ್ದೆಯಾಗಿತ್ತು. ಅಧಿಕಾರಿ ಅದನ್ನು ಬೆಳಕಿಗೆ ಹಿಡಿದು, ಎರಡು ಸಲ ತಿರುಗಿಸಿ, ಏನಮ್ಮಾ ಇದು ಎಂದು ಕೇಳಿ, ಕೊನೆಗೆ ಸೀಲು ಒತ್ತಿದರು.  ಅಕ್ಕನ ಕಾಲು ಒಂದು ವಾರ ಬಾತುಕೊಂಡಿತ್ತು.

ನನಗೆ ಗೊತ್ತು, ನೀವು ಹೇಳುತ್ತೀರಿ. ಷರತ್ತು ಓದಬೇಕಿತ್ತು, ದೂರು ಕೊಡಬೇಕಿತ್ತು, ಗ್ರಾಹಕರ ಕೋರ್ಟಿಗೆ ಹೋಗಬೇಕಿತ್ತು. ಎಲ್ಲ ಸರಿ. ಆದರೆ ಹಾಲಿನವನ ಷರತ್ತು, ಸಿಮ್ಮಿನ ಷರತ್ತು, ಸಾಲದ ಷರತ್ತು, ಸೀಟಿನ ಷರತ್ತು ಎಲ್ಲವನ್ನೂ ಓದುತ್ತ ಕೂತರೆ ಬದುಕುವುದು ಯಾವಾಗ? ನಂಬಿದವನೇ ತಪ್ಪಿತಸ್ಥ ಎಂಬ ಈ ವ್ಯಾಪಾರ ಯಾವಾಗ ಶುರುವಾಯಿತು? ನಂಬಿಸಿದವನು ಮಾತ್ರ ಸದಾ ವಿನಯವಂತ. ಇನ್ನೊಂದು ಮಾತು. ಅಕ್ಕ ಆ ಜಾಹೀರಾತನ್ನು ಓದಿಯೇ ಇಲ್ಲ. ಅವಳಿಗೆ ಓದಲು ಬರುವುದಿಲ್ಲ. ಅವಳು ನಂಬಿದ್ದು ನನ್ನನ್ನು.

ಈ ವಾರ ಸವಿತಾಳ ಆದೇಶ ಬಂತು. ಹಾಸನದ ಕಡೆ ಪೋಸ್ಟಿಂಗ್. ಖುಷಿಯಿಂದ ಅಕ್ಕನಿಗೆ ಫೋನ್ ಮಾಡಿದೆ.

"ಹೋಗಾಕ ಟಿಕೆಟ್ ನೋಡ್ಲೇನಕ್ಕಾ?"

"ಆತಪ್ಪಾ ಅದು" ಎಂದಳು. "ನಾನ ಬಸ್ ಸ್ಟ್ಯಾಂಡಿಗೆ ಹೋಗಿ, ಕೌಂಟರ್‌ನಾಗ ನಿಂತು ಮಾಡಿಸ್ಕೊಂಡು ಬಂದೆ. ನಿನಗ ಯಾಕ ಸುಮ್ಮನ ತ್ರಾಸು ಕೊಡೂದು ಅಂತ."

ಇಷ್ಟು ವರ್ಷದಲ್ಲಿ ಅಕ್ಕ ನನಗೆ ತ್ರಾಸು ಕೊಡಲು ಹಿಂಜರಿದದ್ದು ಇದೇ ಮೊದಲು.