ಹನ್ನೊಂದು ವ್ಯಾನುಗಳ ಚಕ್ರ ಗೆದ್ದ ಮನಾಂಗ್ ಸಿಮಾ

ನನ್ನ ತಮ್ಮ ಎಲ್ಪಿಡಿಯೊ ತೀರಿಕೊಂಡದ್ದು ಎಲ್ಲರಿಗಿಂತ ಮೊದಲು ತಿಳಿದದ್ದು ಅವನ ವ್ಯಾನಿನ ಚಕ್ರ ತೊಳೆಯುತ್ತಿದ್ದವರಿಗೆ. ಎಸ್ತಾನ್ಸಿಯಾ ಬಂದರಿನ ಪಕ್ಕದ ವ್ಯಾನ್ ನಿಲ್ದಾಣದಲ್ಲಿ ಆಗಿನ್ನೂ ಬೆಳಕು ಹರಿಯುತ್ತಿತ್ತು. ದೋಣಿಗಳಿಂದ ಮೀನಿನ ತೊಟ್ಟಿಗಳು ಇಳಿಯುತ್ತಿದ್ದವು. ಇಲೋಯಿಲೊ ನಗರಕ್ಕೆ ಹೋಗುವ ಮೊದಲ ಸರದಿ ಪಿಡಿಯೊನದು. ಸರದಿ ಬರುವತನಕ ಚಾಲಕನ ಸೀಟಿನಲ್ಲೇ ಒರಗಿ ಒಂದು ಗಳಿಗೆ ಕಣ್ಣು ಮುಚ್ಚುವುದು ಅವನ ರೂಢಿ. ಊರೆಲ್ಲ ಮನಾಂಗ್, ಅಂದರೆ ಅಕ್ಕ, ಎನ್ನುವ ಸಿಮಾ ಕೊನೆಯ ಚಕ್ರಕ್ಕೆ ನೀರು ಹೊಯ್ದು, ಬಾಗಿಲು ತಟ್ಟಿ, "ಏಳಪ್ಪಾ ಪಿಡಿಯೊ, ಜನ ಕಾಯ್ತಿದಾರೆ. ಸೀಟಲ್ಲೇ ಸಂಸಾರ ಹೂಡ್ಬಿಟ್ಯಾ?" ಎಂದರು. ಆಕೆ ದಿನವೂ ಹೀಗೇ ಏನಾದರೂ ಕುಟುಕುವರು, ಅವನು ದಿನವೂ ಅದಕ್ಕೊಂದು ಎದುರುತ್ತರ ಕೊಡುವನು. ಆ ದಿನ ಕೊಡಲಿಲ್ಲ. ಆಕೆ ಬಾಗಿಲು ತೆಗೆದು ಅವನ ಭುಜ ಮುಟ್ಟಿದರು.

ಹೃದಯ ನಿಂತುಹೋಗಿತ್ತು ಎಂದು ವೈದ್ಯರು ಆಮೇಲೆ ಹೇಳಿದರು.

"ಜನರನ್ನ ಕೂಗೋ ಮುಂಚೆ ಅಲ್ಲೇ ಮೊಣಕಾಲೂರಿ ಒಂದು ಪ್ರಾರ್ಥನೆ ಹೇಳ್ದೆ, ಮನೋಂಗ್. ಗಲಾಟೆ ಶುರುವಾದ್ಮೇಲೆ ಯಾರಿಗೂ ಅದು ನೆನಪಿರಲ್ಲ ಅಂತ ಗೊತ್ತಿತ್ತು" ಎಂದು, ನನ್ನನ್ನು ಮನೋಂಗ್, ಅಣ್ಣ ಎಂದೇ ಕರೆಯುವ ಸಿಮಾ ನನಗೆ ಹೇಳಿದ್ದಾರೆ. ಆ ಒಂದು ಪ್ರಾರ್ಥನೆಗೆ ನಾನು ಬದುಕಿರುವವರೆಗೂ ಆಕೆಗೆ ಋಣಿ.

ಈಗಲೂ ಬೆಳಗ್ಗೆ ನಿಲ್ದಾಣಕ್ಕೆ ಹೋದರೆ ಆಕೆ ಅದೇ ಜಾಗದಲ್ಲಿ ಕಾಣುತ್ತಾರೆ. ಗೇಣೆತ್ತರದ ಮರದ ಮಣೆ, ಎರಡು ಪ್ಲಾಸ್ಟಿಕ್ ಬಕೆಟು, ಹಳೆಯ ಬನಿಯನ್ನಿನ ಚಿಂದಿ. ವ್ಯಾನಿನ ಮೈಗೆ ತೆಂಗಿನ ನಾರು ಹಾಕುತ್ತಾರೆ, ಚಕ್ರಕ್ಕೆ ಮಾತ್ರ ಚಿಂದಿ ಬಟ್ಟೆಯೇ ಆಗಬೇಕು. ನಿಲ್ದಾಣದ ಪಂಪಿನ ನೀರು ಉಪ್ಪುಪ್ಪು. ಹಾಗಾಗಿ ಕೊನೆಯ ನೀರನ್ನು ಚರ್ಚಿನ ಬಾವಿಯಿಂದ ಹೊತ್ತು ತರುತ್ತಾರೆ. ಸಂತೆಯ ದಿನ ಹದಿನೆಂಟು ಇಪ್ಪತ್ತು ವ್ಯಾನುಗಳಾಗುತ್ತವೆ. ಅಷ್ಟಕ್ಕೂ ನೀರು ಆಕೆಯ ಹೆಗಲ ಮೇಲೆಯೇ ಬರಬೇಕು. ವಯಸ್ಸು ಅರವತ್ತೊಂದು.

ಪೂರ್ತಿ ಹೆಸರು ಫೆಲಿಸಿಸಿಮಾ ಬಾರಿದೊ. ಎದುರಿನ ದ್ವೀಪದಿಂದ ಮದುವೆಯಾಗಿ ಇಲ್ಲಿಗೆ ಬಂದವರು. ಗಂಡ ಹಡಗಿನ ಕೆಲಸಕ್ಕೆಂದು ಹೋದವನು ಮರಳಿ ಬರಲಿಲ್ಲ. ಬದುಕಿದ್ದಾನೆ ಎಂದೂ ಯಾರೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಇಬ್ಬರು ಹೆಣ್ಣುಮಕ್ಕಳನ್ನು ಒಣಮೀನಿನ ಅಂಗಳದಲ್ಲಿ ದುಡಿದು ಸಾಕಿದರು. ಉಪ್ಪು ಕೊರೆದು ಬೆರಳ ಸಂದುಗಳೆಲ್ಲ ಬಿರಿದ ಮೇಲೆ ಗಾಡಿ ತೊಳೆಯುವ ಕೆಲಸಕ್ಕೆ ಬಂದರು. "ಅಲ್ಲಿ ಉಪ್ಪು ಹಚ್ಚೋ ಕೆಲಸ, ಇಲ್ಲಿ ಉಪ್ಪು ತೆಗಿಯೋ ಕೆಲಸ. ದೇವರಿಗೆ ನನ್ನನ್ನ ಉಪ್ಪಿಂದ ಬಿಡಿಸೋ ಮನಸ್ಸಿಲ್ಲ" ಎಂದು ನಗುತ್ತಾರೆ.

ನಮ್ಮೂರಿನ ಚಾಲಕರು ಹನ್ನೊಂದು ಜನ ಸೇರಿ ನಗರದ ಒಬ್ಬ ಮಾರಾಟಗಾರರಲ್ಲಿ ಒಂದೇ ದಿನ ಹನ್ನೊಂದು ವ್ಯಾನು ಕೊಂಡಿದ್ದರು. ಹೊಳೆಯುವ ಅಲಾಯ್ ಚಕ್ರದ ವ್ಯಾನುಗಳು. ಚಕ್ರಕ್ಕೆ ಮೂರು ವರ್ಷದ ವಾರಂಟಿ. ಎರಡನೆಯ ಮಳೆಗಾಲ ಮುಗಿಯುವುದರೊಳಗೆ ಚಕ್ರದ ಅಂಚಿನಲ್ಲಿ ಸಣ್ಣ ಬೊಬ್ಬೆಗಳು ಎದ್ದವು. ಬೊಬ್ಬೆ ಒಡೆದರೆ ಒಳಗೆ ಬಿಳಿ ಹುಡಿ. ಟೈರು ಕೂರುವ ಅಂಚೇ ಸವೆದು, ರಾತ್ರಿ ತುಂಬಿದ ಗಾಳಿ ಬೆಳಗ್ಗೆ ಇರುತ್ತಿರಲಿಲ್ಲ. ಎಲ್ಲರ ಪರವಾಗಿ ಪಿಡಿಯೊ ಹೋಗಿ ವಾರಂಟಿ ಕೇಳಿದ. ತಿಂಗಳ ಮೇಲೆ ಉತ್ತರ ಬಂತು. ತಪ್ಪು ರೀತಿಯಲ್ಲಿ ತೊಳೆದದ್ದರಿಂದ ಚಕ್ರ ಕೆಟ್ಟಿದೆ, ವಾರಂಟಿ ಅನ್ವಯಿಸುವುದಿಲ್ಲ ಎಂದಿತ್ತು.

ಆ ಉತ್ತರ ಮಾರಾಟಗಾರರಿಗೆ ಒಂದು ಸಾಲಾಗಿದ್ದರೂ ಸಿಮಾ ಅವರಿಗೆ ಅನ್ನದ ಪ್ರಶ್ನೆಯಾಯಿತು. ಚಾಲಕರು ಒಬ್ಬೊಬ್ಬರಾಗಿ ಬೇರೆ ಕಡೆ ತೊಳೆಸತೊಡಗಿದರು. ಬಾಯಿಬಿಟ್ಟು ಯಾರೂ ಏನೂ ಅನ್ನಲಿಲ್ಲ. ಆಕೆಯ ಮಣೆಯ ಮುಂದೆ ವ್ಯಾನು ನಿಲ್ಲಿಸುವುದನ್ನು ಬಿಟ್ಟರು, ಅಷ್ಟೆ. ಪಿಡಿಯೊ ಮಾತ್ರ ಬಿಡಲಿಲ್ಲ. "ಅವರು ಬರೆದ್ರು ಅಂತ ನಾನು ಮುಖ ತೊಳಿಯೋದೂ ಬಿಡ್ಬೇಕಾ?" ಎಂದು ಎಲ್ಲರೆದುರು ಕೇಳುತ್ತಿದ್ದ. ಕೊನೆಯ ದಿನದವರೆಗೂ ತನ್ನ ಚಕ್ರಗಳನ್ನು ಆಕೆಯ ಕೈಯಲ್ಲೇ ತೊಳೆಸಿದ.

ಅವನನ್ನು ಮಣ್ಣು ಮಾಡಿ ಮೂರನೆಯ ಸಂಜೆ, ಮನೆಯ ಪ್ರಾರ್ಥನೆ ಮುಗಿದ ಮೇಲೆ, ಅವನ ಹೆಂಡತಿ ಅರಸೆಲಿ ಒಂದು ಮೂಲೆಯಲ್ಲಿ ಅಳುತ್ತ ಕೂತಿದ್ದಳು. ವ್ಯಾನನ್ನು ಬೇರೆ ಚಾಲಕನ ಕೈಗೆ ಕೊಟ್ಟು ಮೂರು ಮಕ್ಕಳನ್ನು ಸಾಕುವುದು ಅವಳ ಎಣಿಕೆ. ಆದರೆ ಗಾಳಿ ನಿಲ್ಲದ ಚಕ್ರದ ವ್ಯಾನನ್ನು ಯಾರು ಓಡಿಸುತ್ತಾರೆ? ಮುಂದಿನ ತಿಂಗಳ ತಪಾಸಣೆಯಲ್ಲಿ ಅದು ಉತ್ತೀರ್ಣವಾಗದಿದ್ದರೆ ಆ ದಾರಿಯ ಪರವಾನಗಿಯೇ ಹೋಗುತ್ತದೆ. ಸಿಮಾ ಅವಳ ಪಕ್ಕದಲ್ಲಿ ಕುಳಿತು, "ಇಂದೈ, ಮಗಳೇ, ಅಳೋದನ್ನ ನಾಡಿದ್ದಿಗೆ ಇಟ್ಕೋ. ನಾಳೆ ಬೆಳಗ್ಗೆ ನಗರಕ್ಕೆ ಹೋಗೋಣ" ಎಂದರು.

"ನೀವ್ಯಾಕೆ ಬರ್ತೀರಿ ಮನಾಂಗ್? ನಿಮ್ಮದೇ ತಪ್ಪು ಅಂದಿದಾರಲ್ಲ ಅವರು."

"ಅದಕ್ಕೇ. ತಪ್ಪು ಮಾಡಿದವಳ ಮುಖ ಅವರೂ ಒಂದ್ಸಲ ನೋಡ್ಲಿ."

ಯಾವ ವ್ಯಾನಿನಲ್ಲಿ ಹೋಗುವುದು ಎಂದಾಗ ಆಕೆ ಕ್ಲೆತೊನನ್ನು ಕರೆದರು. ಕ್ಲೆತೊ ನಮ್ಮ ನಿಲ್ದಾಣದ ನಗೆಪಾಟಲು. ಹನ್ನೊಂದು ವ್ಯಾನುಗಳಲ್ಲಿ ಅವನದೂ ಒಂದು. ಕೊಂಡ ದಿನದಿಂದ ಅದಕ್ಕೆ ನೀರು ಮುಟ್ಟಿಸಿದವನಲ್ಲ. ಅದರ ಬಣ್ಣ ಯಾವುದೆಂದು ಹೊಸಬರಿಗೆ ತಿಳಿಯದು.

ನಾನೂ ಜೊತೆಗೆ ಹೋದೆ. ವ್ಯಾನು ಮಾರಿದವರ ಶೋರೂಮಿನ ಹಿಂಬದಿಯ ಸರ್ವಿಸ್ ಕೌಂಟರಿನಲ್ಲಿ ಮ್ಯಾನೇಜರ್ ಅನ್ಸೆಲ್ಮೊ ಸಿಕ್ಕಿದರು. ಮರ್ಯಾದಸ್ಥರು. ನನ್ನ ತಮ್ಮ ತೀರಿಕೊಂಡದ್ದಕ್ಕೆ ನಿಜವಾಗಿಯೇ ಮರುಗಿದರು. ಆದರೂ, "ಸೋಪು, ತೆಂಗಿನ ನಾರು, ಉಪ್ಪುನೀರು ಹಾಕಿ ಉಜ್ಜಿದ್ರೆ ವಾರಂಟೀಲಿ ಬರಲ್ಲ ಮ್ಯಾಡಮ್" ಎಂದರು.

"ಉಜ್ಜಿದವಳು ನಾನೇ ಸರ್" ಎಂದರು ಸಿಮಾ. "ಆಯ್ತು, ನಾನೇ ಕೆಡಿಸ್ದೆ ಅಂತ ಇಟ್ಕೊಳ್ಳಿ. ಒಂದ್ನಿಮಿಷ ಹೊರಗೆ ಬಂದು ಆ ವ್ಯಾನ್ ನೋಡಿ."

ಅನ್ಸೆಲ್ಮೊ ಹೊರಗೆ ಬಂದು ಮೂಗು ಮುಚ್ಚಿಕೊಂಡರು. "ಇದನ್ನ ಕೊನೇ ಸಲ ತೊಳೆದದ್ದು ಯಾವಾಗ?"

"ಯಾವತ್ತೂ ಇಲ್ಲ ಸರ್" ಎಂದ ಕ್ಲೆತೊ.

"ಮಳೇಲಾದ್ರೂ ನೆನೆದಿರ್ಬೇಕಲ್ಲ?"

"ಮಳೆ ಬಂದ್ರೆ ಮರದಡಿ ನಿಲ್ಲಿಸ್ತೀನಿ ಸರ್!" ಕ್ಲೆತೊನ ದನಿಯಲ್ಲಿ ಹೆಮ್ಮೆ ಇತ್ತು. ಅವನ ಕೊಳಕಿಗೆ ಯಾರಾದರೂ ಬೆಲೆ ಕೊಟ್ಟದ್ದು ಅದೇ ಮೊದಲು.

ಸಿಮಾ ಸೊಂಟದ ಚಿಂದಿ ತೆಗೆದು ಮುಂದಿನ ಚಕ್ರದ ಅಂಚನ್ನು ಒರೆಸಿದರು. ಕೆಸರಿನ ಕೆಳಗೆ ಅವೇ ಬೊಬ್ಬೆಗಳು, ಅದೇ ಬಿಳಿ ಹುಡಿ. "ಇದನ್ನ ಕೆಡಿಸಿದ್ದು ಯಾರ ಕೈ ಸರ್?" ಎಂದು ಕೇಳಿದರು.

ಅನ್ಸೆಲ್ಮೊ ದಾರಿ ಬದಲಿಸಿದರು. "ಹಾಗಾದ್ರೆ ಕೋಳಿ ರಕ್ತ. ಹೊಸ ಗಾಡಿಯ ಚಕ್ರಕ್ಕೆ ನೀವು ಕೋಳಿ ರಕ್ತ ಹಚ್ತೀರಿ ತಾನೆ? ಹೊರಗಿನ ವಸ್ತು ಬಿದ್ರೆ ವಾರಂಟಿ ಇಲ್ಲ."

ಹಚ್ಚಿದ್ದು ನಿಜ. ಚರ್ಚಿನ ಗುರುಗಳು ತೀರ್ಥ ಚಿಮುಕಿಸಿದ ಮೇಲೆ ಕೋಳಿ ಕೊಯ್ದು ಚಕ್ರಕ್ಕೆ ರಕ್ತ ಮುಟ್ಟಿಸದ ಗಾಡಿ ನಮ್ಮ ಕಡೆ ಇಲ್ಲ. ರಸ್ತೆ ಆಮೇಲೆ ಮನುಷ್ಯರ ರಕ್ತ ಕೇಳದಿರಲಿ ಎಂದು ಹಾಗೆ ಮಾಡುವುದು. ಗುರುಗಳು ಆ ಹೊತ್ತಿಗೆ ಬೇರೆ ಕಡೆ ತಿರುಗಿ ನಿಲ್ಲುತ್ತಾರೆ.

"ನಾವಲ್ಲ ಸರ್, ನಿಮ್ಮ ದೊಡ್ಡ ಯಜಮಾನ್ರೇ ಇಲ್ಲಿ, ಈ ಅಂಗಳದಲ್ಲೇ ಹಚ್ಚಿದ್ರು" ಎಂದ ಕ್ಲೆತೊ.

"ನಾನು ಬಂದಿದ್ದು ಹೋದ ವರ್ಷ. ಯಜಮಾನ್ರಿಗೆ ಕಾಯಿಲೆಯಿಂದ ಈಗ ಮಾತು ನಿಂತಿದೆ, ಅವರನ್ನ ಕೇಳೋಕಾಗಲ್ಲ. ಬಾಯಿಮಾತು ನಂಬಿ ನಾನು ಹೇಗೆ ಬರೀಲಿ? ಶುಕ್ರವಾರ ಹತ್ತು ಗಂಟೆಗೆ ವಾರಂಟಿ ತೀರ್ಮಾನ ಮಾಡೋ ಕಂಪನಿಯ ಮ್ಯಾಡಮ್ ಮನಿಲಾದಿಂದ ಬರ್ತಾರೆ. ಅವರಿಗೆ ಹೇಳಿ. ಅವತ್ತು ಬರದಿದ್ರೆ ಇದು ಮುಗಿದ ಹಾಗೆ."

ಶುಕ್ರವಾರ ಪಿಡಿಯೊನ ಒಂಬತ್ತನೆಯ ದಿನ. ಊರೆಲ್ಲ ಸೇರಿ ಪ್ರಾರ್ಥನೆ ಮಾಡಿ, ಬಂದವರಿಗೆಲ್ಲ ಬಡಿಸಿ, ಆತ್ಮವನ್ನು ಕಳಿಸಿಕೊಡುವ ದಿನ. ಮರಳುವಾಗ ವ್ಯಾನಿನಲ್ಲಿ ಅರಸೆಲಿ ಕಿಟಕಿಯ ಕಡೆ ಮುಖ ಮಾಡಿ, "ಅವರನ್ನ ಬಿಟ್ಟು ಚಕ್ರಕ್ಕೋಸ್ಕರ ಹೋಗೋದಾ? ಬೇಡ. ಚಕ್ರ ಹೋದ್ರೆ ಹೋಗ್ಲಿ" ಎಂದಳು.

ಸಿಮಾ ನನ್ನ ಕಡೆ ತಿರುಗಿದರು. "ಮನೋಂಗ್, ಪ್ರಾರ್ಥನೆ ನಡೆಸೋರು ನೀವು. ಒಂಬತ್ತನೇ ದಿನದ್ದು ಮನೇಲೇ ಆಗ್ಬೇಕು ಅಂತ ಎಲ್ಲಾದ್ರೂ ಇದೆಯಾ?"

ಇಲ್ಲ ಎಂದೆ. ಇಬ್ಬರು ಮೂವರು ಸೇರಿದ ಕಡೆ ಪ್ರಭು ಇರುತ್ತಾನೆ, ಅದು ಯಾರ ಸೂರು ಎಂದು ಅವನು ಕೇಳುವುದಿಲ್ಲ.

"ಸರಿ ಹಾಗಾದ್ರೆ. ಬಡಿಸೋಕೆ ಪಾನ್ಸಿತ್ ಶಾವಿಗೆ ಸ್ವಲ್ಪ ಜಾಸ್ತಿ ಮಾಡೋಣ."

ಶುಕ್ರವಾರ ಹತ್ತು ಗಂಟೆಗೆ ಹನ್ನೊಂದು ವ್ಯಾನುಗಳು ಆ ಶೋರೂಮಿನ ಮುಂದೆ ಸಾಲಾಗಿ ನಿಂತವು. ಜಗಳಕ್ಕೆ ಬಂದರೆಂದು ಸೆಕ್ಯುರಿಟಿಯವನು ಬಾಗಿಲಿಗೆ ಅಡ್ಡ ಬಂದ. ಕಪ್ಪು ಬಟ್ಟೆಯ ಅರಸೆಲಿ, ಅವಳ ಎದೆಗೊತ್ತಿದ ಪಿಡಿಯೊನ ಪಟ, ಹಿಂದೆ ಪಾನ್ಸಿತ್ ಶಾವಿಗೆಯ ತಟ್ಟೆಗಳನ್ನೂ ಎಲೆ ಸುತ್ತಿದ ಇಬೋಸ್ ಅಕ್ಕಿಕಡುಬಿನ ಬುಟ್ಟಿಗಳನ್ನೂ ಹೊತ್ತ ಹೆಂಗಸರು. ಅವನು ಟೋಪಿ ತೆಗೆದು ಬಾಗಿಲು ಹಿಡಿದು ನಿಂತ. ಅನ್ಸೆಲ್ಮೊ ಓಡಿಬಂದರು. "ಏನಿದು ಮನಾಂಗ್? ಇಲ್ಲಿ ಗಿರಾಕಿಗಳಿದ್ದಾರೆ!"

"ನೀವೇ ಕರೆದ ದಿನ ಸರ್. ಇವತ್ತು ಅವನ ಒಂಬತ್ತನೇ ದಿನ. ಒಂದು ಜಪಸರ ಮುಗಿಸ್ಕೊಂಡು ಮಾತಾಡ್ತೀವಿ. ಬೇಡ ಅಂದ್ರೆ ರಸ್ತೇಲಿ ಮಾಡ್ತೀವಿ, ಅಲ್ಲಿ ಇನ್ನೂ ಜನ ಸೇರ್ತಾರೆ."

ಸತ್ತವರ ಪ್ರಾರ್ಥನೆಯನ್ನು ಬೀದಿಗೆ ಕಳಿಸುವ ಧೈರ್ಯ ನಮ್ಮ ನಾಡಿನಲ್ಲಿ ಯಾರಿಗಿದೆ? ಪಟ ಇಡಲು, ಮೇಣದ ಬತ್ತಿ ಹಚ್ಚಲು ಜಾಗ ಬೇಕಿತ್ತು. ಗೋಡೆಗೆ ಒತ್ತಿಕೊಂಡಿದ್ದ ಉದ್ದ ಮೇಜಿನಿಂದ ಬಣ್ಣದ ಹಾಳೆಗಳನ್ನು ಸೆಕ್ಯುರಿಟಿಯವನೇ ಬದಿಗೆ ಸರಿಸಿಕೊಟ್ಟ. ನಾನು ಆರಂಭಿಸಿದೆ. ಸಂತರ ಹೆಸರುಗಳನ್ನು ಕರೆಯುವ ಹೊತ್ತಿಗೆ ಕೌಂಟರಿನ ಹುಡುಗಿಯರು, ಮೆಕ್ಯಾನಿಕರು, ಕಾರು ನೋಡಲು ಬಂದಿದ್ದ ಒಂದು ಕುಟುಂಬ, ಎಲ್ಲರೂ "ನಮಗಾಗಿ ಪ್ರಾರ್ಥಿಸಿರಿ" ಎನ್ನುತ್ತಿದ್ದರು. ಕೊನೆಕೊನೆಗೆ ನಾನು ಅತ್ತುಬಿಟ್ಟೆ. ಉಳಿದದ್ದನ್ನು ಮೊಣಕಾಲೂರಿದ್ದ ಅನ್ಸೆಲ್ಮೊ ಬಾಯಿಪಾಠವಾಗಿ ಮುಂದುವರಿಸಿದರು. ಅವರ ಒಳ್ಳೆಯತನವನ್ನು ನಾನು ಮರೆಯುವಂತಿಲ್ಲ.

ಎದ್ದು ನಿಂತಾಗ ಸಿಮಾ ಮೇಜಿನ ಮೇಲಿನ ಗೋಡೆಯನ್ನೇ ನೋಡುತ್ತಿದ್ದರು. ಅಲ್ಲಿ ಶೋರೂಮಿನ ಸಂಭ್ರಮದ ದೊಡ್ಡ ದೊಡ್ಡ ಫೋಟೋಗಳು. ಒಂದರಲ್ಲಿ ಹನ್ನೊಂದು ಹೊಸ ವ್ಯಾನು, ನಡುವೆ ಬಾಯ್ತುಂಬ ನಗುವ ಪಿಡಿಯೊ. ಪಕ್ಕದಲ್ಲಿ ಕಂಪನಿಯ ಅಂಗಿ ತೊಟ್ಟ ದೊಡ್ಡ ಯಜಮಾನರು, ಕೊಯ್ದ ಕೋಳಿಯನ್ನು ಮುಂದಿನ ಚಕ್ರದ ಮೇಲೆ ಹಿಡಿದು.

ಮನಿಲಾದ ಮ್ಯಾಡಮ್ ಅಷ್ಟರಲ್ಲಿ ಬಂದು, ಕೈಗಿತ್ತ ಪಾನ್ಸಿತ್ ತಟ್ಟೆ ಹಿಡಿದು ನಿಂತಿದ್ದರು. ಸಿಮಾ ಅವರನ್ನು ಹತ್ತಿರ ಕರೆದರು. "ಮ್ಯಾಡಮ್, ರಕ್ತದಿಂದ ಚಕ್ರ ಕೆಟ್ಟಿದೆ ಅಂತಾರೆ. ಈ ಫೋಟೋದಲ್ಲಿ ಕೋಳಿ ಹಿಡಿದಿರೋರು ನಮ್ಮೂರಿನವರಾ, ನಿಮ್ಮೋರಾ?"

ಮ್ಯಾಡಮ್ ಅನ್ಸೆಲ್ಮೊ ಕಡೆ ನೋಡಿದರು. ಅನ್ಸೆಲ್ಮೊ ಗೋಡೆ ನೋಡಿದರು. ಸೆಕ್ಯುರಿಟಿಯವನಿಗೆ ತಡೆಯಲಾಗಲಿಲ್ಲ. "ಯಜಮಾನ್ರ ಕಾಲದಲ್ಲಿ ಇಲ್ಲಿಂದ ಹೊರಟ ಪ್ರತಿ ಗಾಡಿಗೂ ಹಚ್ಚಿದಾರೆ ಮ್ಯಾಡಮ್. ಕೋಳಿ ತರ್ತಿದ್ದೋನು ನಾನೇ!"

ಮೊದಲು ನಕ್ಕದ್ದು ಮ್ಯಾಡಮ್. ಆಮೇಲೆ ಇಡೀ ಶೋರೂಮೇ ನಕ್ಕಿತು. ಒಂಬತ್ತು ದಿನಗಳಲ್ಲಿ ಅರಸೆಲಿಯೂ ಮೊದಲ ಬಾರಿ ನಕ್ಕಳು, ನಕ್ಕು ಅತ್ತಳು. ಮ್ಯಾಡಮ್ ತಟ್ಟೆ ಕೆಳಗಿಟ್ಟು ಹೊರಗೆ ಹೋಗಿ ವ್ಯಾನಿನಿಂದ ವ್ಯಾನಿಗೆ ಬಗ್ಗಿ ನೋಡಿದರು. ತೊಳೆದದ್ದು, ತೊಳೆಯದ್ದು, ಎಲ್ಲದರಲ್ಲೂ ಒಂದೇ ಬೊಬ್ಬೆ. "ಚಕ್ರದ ಲೇಪನವೇ ಸರಿಯಿಲ್ಲ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. "ಹನ್ನೊಂದಕ್ಕೂ ಹೊಸ ಚಕ್ರ. ಮೊದಲು ತೀರಿಕೊಂಡವರ ವ್ಯಾನಿಗೆ ಹಾಕಿ. ತೊಳೆದವರನ್ನ ದೂರಿ ಬರೆದದ್ದನ್ನ ಇವತ್ತೇ ವಾಪಸ್ ತಗೊಳ್ಳಿ." ಚಾಲಕರು ಹಾಕಿದ ಕೇಕೆ ಬಂದರಿಗೂ ಕೇಳಿಸಿರಬೇಕು.

ಅರಸೆಲಿಯ ವ್ಯಾನು ತಪಾಸಣೆಯಲ್ಲಿ ಉತ್ತೀರ್ಣವಾಯಿತು. ಪಿಡಿಯೊನ ಸರದಿಯಲ್ಲೇ ಈಗ ಅದು ದಿನಾ ಮೊದಲು ಹೊರಡುತ್ತದೆ. ಬಿಟ್ಟುಹೋದ ಚಾಲಕರೆಲ್ಲ ಮಣೆಯ ಮುಂದೆ ಮರಳಿ ಸಾಲು ನಿಂತಿದ್ದಾರೆ. ಸಿಮಾ ಯಾರಿಗೂ ಒಂದು ಕಟಕಿ ಮಾತಾಡಿಲ್ಲ, ಕ್ಲೆತೊನನ್ನು ಬಿಟ್ಟು. "ನೀನು ಕೊನೇಲಿ ಬಾ. ನಿನ್ನದು ತೊಳೆದ ನೀರು ಸಮುದ್ರಕ್ಕೆ ಹೋದ್ರೆ ಮೀನು ಸಾಯ್ತವೆ."

ನಿಮಗೆ ಏನಾದರೂ ಬೇಕೇ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, ನಿಲ್ದಾಣದಲ್ಲಿ ಸಿಹಿನೀರಿನ ಒಂದು ನಲ್ಲಿ ಇದ್ದರೆ ಹೆಗಲಿಗೆ ಸುಖ ಎಂದರು. ಆಮೇಲೆ ಚಿಂದಿ ಹಿಂಡುತ್ತ, "ಅವರು ಬರೆದದ್ರಲ್ಲಿ ನನ್ನ ಹೆಸರು ಇರ್ಲಿಲ್ಲ ಮನೋಂಗ್, ತೊಳೆದವರು ಅಂತ ಮಾತ್ರ ಇತ್ತು. ಈಗ ಯಾರಾದ್ರೂ ಕೇಳಿದ್ರೆ, ತೊಳೆದವಳು ನಾನೇ ಅಂತ ಹೇಳ್ತೀನಿ" ಎಂದರು.

ಪ್ರಭುವೇ, ದಿನವೂ ಬೇರೆಯವರನ್ನು ಅವರವರ ಊರು ಮುಟ್ಟಿಸಿದ ನನ್ನ ತಮ್ಮ ಎಲ್ಪಿಡಿಯೊನನ್ನು ನಿನ್ನ ಊರು ಮುಟ್ಟಿಸು. ಅವನ ದಣಿವು ಆರಲಿ. ನಿನ್ನ ಬೆಳಕಿನಲ್ಲಿ ಅವನು ನೆಮ್ಮದಿಯಾಗಿ ಎಚ್ಚರಗೊಳ್ಳಲಿ. ಆಮೆನ್.