ರೇಣವ್ವ ಕೆಡಿಸದ ಗೋಡೆ

ಸವಣೂರಿನ ವಕೀಲರ ಮನೆಯ ಪಡಸಾಲೆಯ ಗೋಡೆಯನ್ನು ಕೆಡಿಸಿದವನು ನಾನು. ನನ್ನ ಅಣ್ಣನ ಹೆಂಡತಿ ರೇಣವ್ವ ಅಲ್ಲ.

ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಬಣ್ಣದ ಕೆಲಸ ಮಾಡುವ ಮಂದಿಗೆ ಈ ಕತೆ ಬೇರೆ ಥರ ಗೊತ್ತು — ಹಸಿ ಗೋಡೆಯನ್ನು ಒಣಗಿದೆ ಎಂದು ಹೇಳಿ ಬಣ್ಣ ಹಚ್ಚಿಸಿದ ಹೆಂಗಸಿನ ಕತೆ. ಚಹಾ ಕುಡಿಯುತ್ತ ಅದನ್ನು ಹೇಳಿಕೊಂಡು ನಗುತ್ತಾರೆ. ಅವರಿಗೆ ಅದನ್ನು ಮೊದಲು ಹೇಳಿದವನು ನಾನೇ. ಆಕೆ ಆ ಮಾತು ಆಡಿದ್ದು ನಿಜ. ಆಡುವಂತೆ ಮಾಡಿದ್ದು ಯಾರು ಎಂಬುದನ್ನು ಮಾತ್ರ ಇಷ್ಟು ವರ್ಷ — ಇರಲಿ, ಮೊದಲಿನಿಂದ ಹೇಳುತ್ತೇನೆ.

ನನ್ನ ಹೆಸರು ಪರಸಪ್ಪ. ಹುಟ್ಟಿದ್ದು ಹತ್ತಿಮತ್ತೂರಿನಲ್ಲಿ, ಈಗ ಇರುವುದು ಸವಣೂರಿನಲ್ಲಿ. ಹೊಸದಾಗಿ ಸಿಮೆಂಟಿನ ಗಿಲಾವು ಮಾಡಿದ ಗೋಡೆಗಳನ್ನು ನುಣುಪು ಮಾಡಿ ಬಣ್ಣ ಹಚ್ಚುವುದು ನನ್ನ ಕೆಲಸ. ಮನೆ ಕಟ್ಟಿಸುವವರನ್ನು ನಾನು ಎಂದೂ ಗೌರವಿಸಿದವನಲ್ಲ. ಬಣ್ಣದ ಕಾರ್ಡು ಹಿಡಿದುಕೊಂಡು ಗಂಡ ಹೆಂಡತಿ ವಾರಗಟ್ಟಲೆ ಜಗಳಾಡುತ್ತಾರೆ. ಆ ಬಣ್ಣ ಕೂರಬೇಕಾದ ಗೋಡೆಯ ಕಡೆ ಒಮ್ಮೆಯೂ ನೋಡುವುದಿಲ್ಲ. "ಗ್ವಾಡಿ ಕನ್ನಡಿ ಆದಂಗ ಆಗ್ಬೇಕು ನೋಡಪಾ" ಎನ್ನುತ್ತಾರೆ. ಗಿಲಾವು ತನ್ನೊಳಗಿನ ನೀರು ಬಿಡಲು ಕಾಲ ಬೇಕು, ಆಮೇಲೆ ಕಲ್ಲಿನಿಂದ ಉಜ್ಜಿ ಸಡಿಲ ಉಸುಕು ಉದುರಿಸಬೇಕು, ಪ್ರೈಮರ್ ಹಚ್ಚಬೇಕು, ತಗ್ಗು ತುಂಬುವ ಪುಟ್ಟಿ ಎಳೆಯಬೇಕು, ಅದು ಒಣಗಿದ ಮೇಲೆ ಪಾಲಿಶ್ ಪೇಪರಿನಿಂದ ತಿಕ್ಕಬೇಕು, ಮತ್ತೆ ಪುಟ್ಟಿ, ಮತ್ತೆ ತಿಕ್ಕುವುದು — ಇಷ್ಟು ಹೇಳುವಷ್ಟರಲ್ಲಿ ಇವನು ಕೆಲಸ ಎಳೆಯುತ್ತಿದ್ದಾನೆ ಎಂಬಂತೆ ಮುಖ ಮಾಡುತ್ತಾರೆ. ಜೊತೆಯ ಪೇಂಟರುಗಳ ಮೇಲೂ ನನಗೆ ಅಷ್ಟೇ ತಾತ್ಸಾರ. ಬಣ್ಣಕ್ಕೆ ನೀರು ಸುರಿಯುವವರು, ತಗ್ಗು ದಿಬ್ಬಗಳ ಮೇಲೆ ಬ್ರಶ್ ಆಡಿಸಿ ಕೈ ತೊಳೆದುಕೊಳ್ಳುವವರು. ಇಡೀ ಸೀಮೆಯಲ್ಲಿ ನಾನು ಗೌರವಿಸುತ್ತಿದ್ದದ್ದು ಒಬ್ಬನನ್ನೇ — ನನ್ನನ್ನು. ಆ ಮನುಷ್ಯನ ಯೋಗ್ಯತೆ ಏನೆಂದು ಮುಂದೆ ನೀವೇ ನೋಡುತ್ತೀರಿ.

ನನಗೆ ಈ ಕೆಲಸ ಕಲಿಸಿದವನು ಅಣ್ಣ ಯಲ್ಲಪ್ಪ. ಅವನು ಕಾಮಾಲೆಯಿಂದ ತೀರಿಕೊಂಡಾಗ ವೈನಿಗೆ, ಅಂದರೆ ಅತ್ತಿಗೆ ರೇಣವ್ವನಿಗೆ, ಚಿಕ್ಕ ಮಗಳು ಸುಜಾತಾ ಬಿಟ್ಟರೆ ಬೇರೆ ದಿಕ್ಕಿರಲಿಲ್ಲ. ಅಣ್ಣನ ಜೊತೆ ಪುಟ್ಟಿ ಕಲಸಿ, ಗೋಡೆ ತಿಕ್ಕಿ ಅಭ್ಯಾಸವಿದ್ದಾಕೆ. ಕೆಲಸಕ್ಕೆ ಬರುತ್ತೇನೆ ಎಂದಳು. ಬೇಡ ಎನ್ನಲು ಬಾಯಿ ಬರಲಿಲ್ಲ. ಆದರೆ ಕೊಟ್ಟದ್ದು ಅತ್ಯಂತ ಕೆಳಗಿನ ಕೆಲಸ — ಪಾಲಿಶ್ ಪೇಪರ್ ಹಿಡಿದು ದಿನವಿಡೀ ಧೂಳಿನಲ್ಲಿ ನಿಲ್ಲುವುದು. ಮೂಗು ಬಾಯಿಗೆ ಸೆರಗು ಕಟ್ಟಿಕೊಂಡು, ಹುಬ್ಬಿನ ತನಕ ಬೆಳ್ಳಗಾಗಿ ನಿಂತ ಆಕೆಯನ್ನು ನೋಡಿ ನಾನು ಜೊತೆಯವರ ಎದುರು ನಗುತ್ತಿದ್ದೆ. "ಗ್ವಾಡಿ ಸಾರಿಸೂದಲ್ಲರೀ ವೈನಿ ಇದು" ಎನ್ನುತ್ತಿದ್ದೆ. ಆಕೆ ತಲೆಯೆತ್ತದೆ ತಿಕ್ಕುತ್ತಲೇ ಇರುತ್ತಿದ್ದಳು. ಅದನ್ನು ನಾನು ದಡ್ಡತನ ಎಂದುಕೊಂಡಿದ್ದೆ.

ಶಿಗ್ಗಾಂವಿಯ ಒಂದು ಮನೆಯಲ್ಲಿ ನಾನು ಪುಟ್ಟಿ ಎಳೆದು ಊಟಕ್ಕೆ ಹೋಗಿದ್ದೆ. ಮರಳಿ ಬಂದಾಗ ವೈನಿ ದೀಪವನ್ನು ಗೋಡೆಗೆ ಓರೆಯಾಗಿ ಹಿಡಿದು, ನಾನು ಪುಟ್ಟಿಯಲ್ಲಿ ಬಿಟ್ಟ ಅಲೆಯಂಥ ತಗ್ಗುಗಳನ್ನೆಲ್ಲ ಒಂದೊಂದಾಗಿ ತುಂಬುತ್ತಿದ್ದಳು. ನನಗೆ ಹೇಳಲಿಲ್ಲ, ಮಾಲಕರಿಗೂ ಹೇಳಲಿಲ್ಲ. ಸುಮ್ಮನೆ ಸರಿ ಮಾಡಿದಳು. ಆ ಗೋಡೆಯನ್ನು ಮಾಲಕ ಸವರಿ ನೋಡಿ ನನ್ನ ಬೆನ್ನು ತಟ್ಟಿದ. ನಾನು ತಟ್ಟಿಸಿಕೊಂಡೆ. ಕೆಲ ಕಾಲದಲ್ಲೇ ಕೆಲಸ ಕೊಡುವವರು "ಆ ಹೆಣ್ಣಮಗಳೂ ಬರ್ತಾಳಲ್ಲ?" ಎಂದು ಕೇಳತೊಡಗಿದರು. ಕೇಳಿದಾಗಲೆಲ್ಲ ನನಗೆ ಎದೆಯಲ್ಲಿ ಏನೋ — ಅದಕ್ಕೆ ಒಳ್ಳೆಯ ಹೆಸರು ಹುಡುಕುವುದಿಲ್ಲ. ಹೊಟ್ಟೆಕಿಚ್ಚು.

ಹೀಗಿರುವಾಗ ಸವಣೂರಿನ ವಕೀಲರ ಹೊಸ ಮನೆ ಸಿಕ್ಕಿತು. ಹಿಂದಿನಿಂದಲೂ ಓದು, ಪಾಠ, ಪುರಾಣ ಎಂದು ಹೆಸರಾದ ಮನೆತನ. ವಕೀಲರು ಮೃದು ಮಾತಿನವರು. ಅವರ ಹೆಂಡತಿ ನಮಗೆ ಚಹಾ ಕೊಡುವಾಗ ಕಾಗದದ ಕಪ್ಪು ಹುಡುಕಿ ತರುತ್ತಿದ್ದರು. ನಮ್ಮ ಮನೆಯಲ್ಲಿ ಬುದ್ಧನ ಪಟ ಇದೆ ಎಂಬುದು ಅವರಿಗೆ ಗೊತ್ತಿತ್ತು, ಆ ಕಪ್ಪಿನ ಅರ್ಥ ನನಗೂ ಗೊತ್ತಿತ್ತು. ಅದಕ್ಕಾಗಿ ನಾನು ಒಳಗೊಳಗೇ ಹಲ್ಲು ಕಡಿಯುತ್ತಿದ್ದೆ. ಯಾರೋ ನನ್ನನ್ನು ಕೀಳಾಗಿ ಕಂಡರೆ ಅಷ್ಟು ಉರಿಯುತ್ತಿದ್ದ ನನಗೆ, ನನ್ನ ಪಕ್ಕದಲ್ಲೇ ನಿಂತ ಹೆಂಗಸನ್ನು ನಾನು ಹೇಗೆ ಕಾಣುತ್ತಿದ್ದೇನೆ ಎಂಬುದು ಒಮ್ಮೆಯೂ — ಇಲ್ಲ, ಒಮ್ಮೆಯೂ ಹೊಳೆಯಲಿಲ್ಲ.

ಆ ಮನೆಯ ಪಡಸಾಲೆಯ ಉತ್ತರದ ಗೋಡೆಗೆ ಬಿಸಿಲೇ ಬೀಳುತ್ತಿರಲಿಲ್ಲ. ಉಳಿದ ಗೋಡೆಗಳು ತಯಾರಾಗಿದ್ದವು. ಅದನ್ನು ಮುಟ್ಟಿ ನೋಡಿ ವೈನಿ ಇನ್ನೂ ಕಾಯೋಣ ಎಂದಳು. ನಾನು ಸಾಕು, ಹಚ್ಚೋಣ ಎಂದೆ. ಹಾನಗಲ್ಲಿನಲ್ಲಿ ಇನ್ನೊಂದು ಕೆಲಸ ಒಪ್ಪಿಕೊಂಡಿದ್ದೆ. ಆದರೆ ಅದು ಕಾರಣವಲ್ಲ, ಅಲ್ಲಿಯವರು ಕಾಯಲು ತಯಾರಿದ್ದರು. ನಮ್ಮ ಮಾತು ಕೇಳಿಸಿಕೊಂಡ ವಕೀಲರು ಪಡಸಾಲೆಗೆ ಬಂದು ಅಂದರು:

"ನಮಗೇನೂ ಗಡಿಬಿಡಿ ಇಲ್ಲ ಪರಸಪ್ಪ. ರೇಣವ್ವ ಹೇಳಿದಾಗ ಹಚ್ಚೋಣು."

ರೇಣವ್ವ ಹೇಳಿದಾಗ! ಆ ಮಾತು ನನ್ನನ್ನು ಇರಿಯಿತು.

ಅಂದು ಸಂಜೆ ವೈನಿ ಒಂದು ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಆ ಗೋಡೆಗೆ ನಾಲ್ಕೂ ಅಂಚಿಗೆ ಟೇಪು ಹಾಕಿ ಅಂಟಿಸಿದಳು. ಗೋಡೆಯೊಳಗೆ ನೀರಿದ್ದರೆ ಬೆಳಗಾಗುವಷ್ಟರಲ್ಲಿ ಹಾಳೆಯ ಒಳಮೈ ಬೆವರುತ್ತದೆ. ಅಣ್ಣ ಕಲಿಸಿದ ಪರೀಕ್ಷೆ ಅದು. ನಾನು ಮರೆತಿದ್ದೆ, ಆಕೆ ಮರೆತಿರಲಿಲ್ಲ.

ಮರುದಿನ ಮುಂಜಾನೆ ಆಕೆಯ ಬಸ್ಸು ಬರುವ ಮೊದಲೇ ನಾನು ಹೋದೆ. ಹಾಳೆಯ ಒಳಗೆ ಹನಿಗಳು ಸಾಲುಗಟ್ಟಿದ್ದವು. ವೈನಿಯ ಮಾತು ಸರಿಯಾಗಿತ್ತು. ಹಾಗೆಯೇ ಬಿಟ್ಟಿದ್ದರೆ ಇನ್ನಷ್ಟು ದಿನ ಕಾಯುತ್ತಿದ್ದೆವು, ಅಷ್ಟೇ. ನಾನು ಟೇಪು ಬಿಡಿಸಿ, ಹೆಗಲ ಮೇಲಿನ ಟವಲಿನಿಂದ ಹಾಳೆಯನ್ನು ಒರೆಸಿದೆ. ಅದರ ಹಿಂದೆ ಗೋಡೆ ಹಸಿಗೆ ಕಪ್ಪಾಗಿತ್ತು. ಕೆಲಸದ ದೊಡ್ಡ ಕರೆಂಟಿನ ದೀಪವನ್ನು ಹಚ್ಚಿ ಅದರ ಹತ್ತಿರ ಹಿಡಿದೆ — ಬಿಸಿಗೆ ಆ ಕಪ್ಪು ನಿಧಾನವಾಗಿ ಬಿಳುಚಿತು. ಕೈ ಸುಡುತ್ತಿದ್ದರೂ ದೀಪ ಸರಿಸಲಿಲ್ಲ. ಅಷ್ಟು ಶ್ರದ್ಧೆಯಿಂದ ನಾನು ಯಾವ ಗೋಡೆಗೂ ದುಡಿದಿರಲಿಲ್ಲ. ಗೋಡೆಯ ಬಿಸಿ ಆರಿದ ಮೇಲೆ ಹೊಸ ಟೇಪು ಹಾಕಿ ಹಾಳೆಯನ್ನು ಇದ್ದ ಜಾಗಕ್ಕೇ ಅಂಟಿಸಿದೆ.

ವೈನಿ ಬಂದಳು. ಹಾಳೆ ಕಿತ್ತಳು. ಒಳಮೈಯನ್ನು ಬೆರಳಿನಿಂದ ಸವರಿ, ನಂಬಿಕೆಯಾಗದೆ ಕೆನ್ನೆಗೆ ಒತ್ತಿಕೊಂಡಳು.

"ಏನೂ ಇಲ್ಲಲ್ಲ..." ಎಂದಳು. "ನಿನ್ನಿ ಗ್ವಾಡಿ ತಣ್ಣಗಿತ್ತು ಪರಸು. ನನಗ ಹಂಗ ಅನಿಸಿತ್ತೋ ಏನೋ."

ಅಲ್ಲಿಯಾದರೂ ನಾನು — ಬಾಗಿಲಲ್ಲಿ ವಕೀಲರು ನಿಂತಿದ್ದರು. ನಾನು ಬಹಳ ವಿನಯದಿಂದ ಕೇಳಿದೆ:

"ಹಂಗಾರ ಹಚ್ಚೂಣೇನ್ರಿ ವೈನಿ? ನೀವ ಹೇಳ್ರಿ."

ಆಕೆ ಗೋಡೆಯನ್ನು ನೋಡಿದಳು, ಕೈಯಲ್ಲಿದ್ದ ಹಾಳೆಯನ್ನು ನೋಡಿದಳು. "ಒಣಗೇತ್ರಿ ಸಾಹೇಬ್ರ. ಹಚ್ಚಬಹುದು" ಎಂದಳು.

ಹಚ್ಚಿದೆವು. ಆ ಗೋಡೆಯ ಮೇಲೆ ಆಕೆ ಮಾಡಿದ ಕೆಲಸದಂಥದ್ದನ್ನು ನಾನು ಮತ್ತೆ ನೋಡಿಲ್ಲ. ವಕೀಲರು ಹೊಸ ಮನೆಗೆ ಬಂದರು, ನೆಂಟರು ಬಂದರು, ಎಲ್ಲರೂ ಅಂಗೈಯಿಂದ ಸವರಿ ಹೊಗಳಿದರು. ಕೆಲವೇ ತಿಂಗಳಲ್ಲಿ ಬಣ್ಣ ಹಪ್ಪಳದಂತೆ ಉಬ್ಬಿತು. ಉಬ್ಬಿದ ಕಡೆ ಒತ್ತಿದರೆ ಒಳಗಿನಿಂದ ಉಪ್ಪಿನ ಪುಡಿ ಸುರಿಯುತ್ತಿತ್ತು. ವಕೀಲರ ಮಗಳನ್ನು ನೋಡಲು ವರನ ಕಡೆಯವರು ಬಂದು ಕುಳಿತಾಗ ಪುಟ್ಟಿಯ ದೊಡ್ಡ ಚಕ್ಕೆಯೊಂದು ಫಲಾಹಾರದ ತಟ್ಟೆಯ ಪಕ್ಕದಲ್ಲೇ ಬಿತ್ತಂತೆ. ನಮ್ಮಿಬ್ಬರನ್ನೂ ಕರೆಸಿದರು.

ವಕೀಲರು ಉದುರಿದ ಚಕ್ಕೆಯನ್ನು ತೋರಿಸಿದರು. ಅವರ ಹೆಂಡತಿ ಮಾತಾಡಿದರು.

"ಒಣಗ್ಯದ ಅಂತ ಅಂದಾಕಿ ನೀನ ಅಲ್ಲೇನು? ಹೆಂಗಸರಿಗೆ ಇದೆಲ್ಲಾ ಯಾಕ ಬೇಕಾಗಿತ್ತು? ಬಂದವರ ಮುಂದ ನಮ್ಮ ಮಾನ ಹೋತು."

"ತಪ್ಪ ನಂದರೀ" ಎಂದಳು ವೈನಿ.

ನಾನು ಸುಮ್ಮನಿದ್ದರೂ ಸಾಕಿತ್ತು. ಸುಮ್ಮನಿರಲಿಲ್ಲ. "ಆಕಿ ಮಾತ ಕೇಳಿ ಹಚ್ಚಿದಿವ್ರಿ" ಎಂದೆ.

ಆ ಗೋಡೆಯನ್ನು ಗಿಲಾವಿನ ತನಕ ಆಕೆಯೊಬ್ಬಳೇ ಕೆರೆದಳು. ನಾನು ಹಾನಗಲ್ಲಿನ ಹೊಸದೊಂದು ಕೆಲಸಕ್ಕೆ ಹೋದೆ. ಅಲ್ಲಿ ಕತೆ ಹೇಳಿದೆ. ಹಿರೇಕೆರೂರಿನಲ್ಲಿ ಹೇಳಿದೆ, ಶಿಗ್ಗಾಂವಿಯಲ್ಲಿ ಹೇಳಿದೆ. ಆಕೆ ಹಾಳೆಯನ್ನು ಕೆನ್ನೆಗೆ ಒತ್ತಿಕೊಂಡದ್ದನ್ನು ನಟಿಸಿ ತೋರಿಸಿದೆ. ನಕ್ಕವರಲ್ಲಿ ಒಬ್ಬನಿಗೂ ಅಂಥ ಗೋಡೆ ಮಾಡಲು ಬರುತ್ತಿರಲಿಲ್ಲ. ನನಗೂ.

ಒಂದು ದಿನ ವೈನಿ ಅಣ್ಣನ ಬಣ್ಣದ ಕೆಲಸದ ಸಾಮಾನುಗಳನ್ನು ಚೀಲದಲ್ಲಿ ತಂದು ನಮ್ಮ ಬಾಗಿಲಲ್ಲಿಟ್ಟು, "ನನಗ ಇದು ಆಗಿ ಬರಾಂಗಿಲ್ಲ" ಎಂದು ಹೋದಳು. ಸವಣೂರಿನಲ್ಲಿ ಖಾರಾ, ಅಂದರೆ ಕರಿದ ಕುರುಕಲು ತಿಂಡಿ, ಮಾಡುವವರಲ್ಲಿ ಕೆಲಸಕ್ಕೆ ಸೇರಿದಳು. ಬೆಳಗಿನಿಂದ ಸಂಜೆಯ ತನಕ ಕಾಯ್ದ ಎಣ್ಣೆಯ ಬಾಣಲೆಯ ಮುಂದೆ. ಸುಜಾತಾ ಒಮ್ಮೆ ನಗುತ್ತ ಹೇಳಿದಳು: "ಅವ್ವಗ ಏನಾಗೇತೋ ಕಾಕಾ. ಸಾರಿಗೆ ಉಪ್ಪು ಹಾಕಿ, ನಾನು ರುಚಿ ನೋಡಿ ಹೇಳೂತನಕ ಕೆಳಗ ಇಳಸೂದಿಲ್ಲ." ಹುಡುಗಿಗೆ ಅದು ನಗುವ ವಿಷಯ. ನನಗೆ ಕಾರಣ ಗೊತ್ತಿತ್ತು, ಹೇಳಬೇಕಾದ ಮಾತು ಬಾಯಿಯ ತನಕ ಬಂತು. ಆದರೂ ನುಂಗಿದೆ. ಆಮೇಲೂ ಎಷ್ಟೋ ವರ್ಷ ನುಂಗುತ್ತಲೇ ಇದ್ದೆ.

ಸುಜಾತಾ ಈಗ ಗೊಟಗೋಡಿಯಲ್ಲಿ ಕೆಲಸದಲ್ಲಿದ್ದಾಳೆ. ಹತ್ತಿಮತ್ತೂರಿನಲ್ಲಿ ತಾಯಿಗಾಗಿ ಎರಡು ಖೋಲಿಯ ಮನೆ ಕಟ್ಟಿಸಿದಳು. ಗಿಲಾವು ಮುಗಿದ ಮೇಲೆ ಬಣ್ಣಕ್ಕೆ ನನ್ನನ್ನೇ ಕರೆದರು. ಹೋದೆ. ವೈನಿ ನನ್ನನ್ನು ಒಳಗೆ ಕರೆದು ಗೋಡೆಯ ಮುಂದೆ ನಿಲ್ಲಿಸಿದಳು.

"ಒಣಗೇತೇನು ನೀನ ನೋಡಪಾ ಪರಸು. ನನಗ ತಿಳ್ಯಾಂಗಿಲ್ಲ. ನನ್ನ ಕೈಗೆ ಆ ಗುಣ ಇಲ್ಲ."

ತನ್ನ ಸ್ವಂತ ಮನೆಯ ಗೋಡೆ. ಮುಟ್ಟಲೂ ಆಕೆ ಕೈ ಎತ್ತಲಿಲ್ಲ. ನಾಳೆ ಬರುತ್ತೇನೆ ಎಂದು ತಪ್ಪಿಸಿಕೊಂಡು ಬಂದೆ. ಬಸ್ಸಿನಲ್ಲಿ ಕುಳಿತು ಏನೇನೋ ಯೋಚಿಸಿದೆ — ಆ ಮನೆಗೆ ಅತ್ಯುತ್ತಮವಾಗಿ ಬಣ್ಣ ಹಚ್ಚಿಕೊಟ್ಟರೆ ತೀರಿಹೋಗುತ್ತದೆ, ಹೇಳಿದರೆ ಆಕೆಗೇ ನೋವು, ಇಂಥವು. ಹೇಡಿಯ ಬುದ್ಧಿ ಎಷ್ಟು ಚುರುಕು ನೋಡಿ.

ಮರುದಿನ ಹೇಳಿದೆ. ಸುಜಾತಾಳ ಎದುರೇ ಹೇಳಿದೆ.

"ವೈನಿ, ವಕೀಲರ ಮನಿ ಗ್ವಾಡಿ ಒಣಗಿರಲಿಲ್ಲ. ಅವತ್ತ ಮುಂಜಾನೆ ಹಾಳಿಯೊಳಗ ನೀರ ಇತ್ತು. ನಾ ಒರಸಿದೆ. ಗ್ವಾಡೀನೂ ದೀಪ ಹಿಡದು ನಾನ ಒಣಗಿಸಿದೆ."

ಆಕೆ ಅರ್ಥವಾಗದವಳಂತೆ ನೋಡಿದಳು. ಆಮೇಲೆ ಹೊಸ್ತಿಲ ಮೇಲೆ ಕುಳಿತಳು.

"ಯಾಕ?"

"ನೀವು ನನಗಿಂತ ಚಲೋ ಮಾಡ್ತಿದ್ರಿ. ಅದಕ್ಕ."

"ಇಷ್ಟಕ್ಕ?"

ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಎರಡೂ ಇಲ್ಲ. ನೆಲದ ಮೇಲೆ ಏನೋ ಹೊಲಸು ಕಂಡವಳಂತೆ ನನ್ನ ಕಡೆ ನೋಡಿದಳು. ಜೀವನವಿಡೀ ನಾನು ಎಲ್ಲರನ್ನೂ ನೋಡಿದ ನೋಟ ಅದು. ನನಗೆ ತಾಗಿದ್ದು ಮೊದಲ ಸಲ. ಸುಜಾತಾ "ಕಾಕಾ, ಹೊರಗ ನಡಿ" ಎಂದಳು. ವೈನಿ ಕೈ ಎತ್ತಿ ಆಕೆಯನ್ನು ತಡೆದಳು.

"ಇಷ್ಟ ವರ್ಷ ನಾ ನನ್ನ ಕೈನ ಬೈಕೋಂತ ಬಂದೇನಿ ಪರಸು. ಈಗ ನನ್ನೊಬ್ಬಾಕಿಗೆ ಹೇಳಿ ಹಗುರ ಆಗಬೇಕಂತ ಮಾಡೀಯೇನು? ವಕೀಲರ ಮನಿಗೆ ಹೋಗಿ ಹೇಳು. ಯಾರ್ಯಾರ ಮುಂದ ನನ್ನ ಸುದ್ದಿ ಹೇಳಿ ನಕ್ಕೀ, ಅವರ ಮುಂದೆಲ್ಲಾ ಹೇಳು." ಎದ್ದು ನಿಂತು, "ನನ್ನ ಗ್ವಾಡಿ ಮುಟ್ಟಬ್ಯಾಡ" ಎಂದಳು.

ವಕೀಲರ ಮನೆಗೆ ಹೋದೆ. ಅವರಿಗೆ ವಯಸ್ಸಾಗಿದೆ. ನಾನು ಹೇಳಿ ಮುಗಿಸಿದ ಮೇಲೆ "ಯಾವ ಗ್ವಾಡಿ?" ಎಂದರು. ಅವರ ಹೆಂಡತಿ ಒಳಗಿನಿಂದ ಬಂದು, "ಅಯ್ಯ, ಅದನ್ನ ಯಾರು ನೆನಪಿಟ್ಕೊಂಡು ಕೂತಾರ? ಆ ಗ್ವಾಡಿಗೆ ಆಮ್ಯಾಲೆ ಟೈಲ್ಸ್ ಹಚ್ಚಿಸೇವಲ್ಲ" ಎಂದು ನಕ್ಕರು. ವಕೀಲರು "ಪಾಪ, ಆ ಹೆಣ್ಣಮಗಳು" ಎಂದು ಪೇಪರು ಬಿಡಿಸಿದರು. ಒಬ್ಬಾಕೆಯ ಬದುಕು ಮುರಿದ ಮಾತು ಅದನ್ನು ಆಡಿದವರಿಗೇ ನೆನಪಿಲ್ಲ. ಅವರನ್ನು ತಿರಸ್ಕರಿಸುವ ಹಕ್ಕು ನನಗಿಲ್ಲ. ಆದರೂ ತಿರಸ್ಕರಿಸಿಯೇ ಹೊರಗೆ ಬಂದೆ.

ಹತ್ತಿಮತ್ತೂರಿನ ಆ ಮನೆಗೆ ವೈನಿಯೇ ಬಣ್ಣ ಹಚ್ಚುತ್ತಿದ್ದಾಳಂತೆ, ಖಾರಾದ ಕೆಲಸಕ್ಕೆ ರಜೆ ಹಾಕಿ. ನನಗೆ ಕರೆ ಬಂದಿಲ್ಲ, ಬರಬಾರದು ಕೂಡ.

ನಾನು ಊರೂರು ಸುತ್ತಿ ಹೇಳುತ್ತಿದ್ದೇನೆ. ಹಾನಗಲ್ಲಿನಲ್ಲಿ ಹೇಳಿದೆ, ಶಿಗ್ಗಾಂವಿಯಲ್ಲಿ ಹೇಳಿದೆ. ಈಚೆಗೆ ಹಿರೇಕೆರೂರಿನಲ್ಲಿ, ಹಿಂದೆ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಪೇಂಟರ್ ಒಬ್ಬನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವನು ಗಂಭೀರವಾಗಿ ಕೇಳಿ, ನನ್ನ ಭುಜದ ಮೇಲೆ ಕೈಯಿಟ್ಟು, "ಅಣ್ಣನ ಹೆಂಡ್ತಿ ಅಂತ ಆಕಿ ತಪ್ಪ ನಿನ್ನ ಮ್ಯಾಲೆ ಹಾಕ್ಕೊಳ್ಳಾಕತ್ತೀಯಲ್ಲೋ. ದೊಡ್ಡ ಮನಸು ಮಾರಾಯಾ ನಿಂದು" ಎಂದ. ಸುತ್ತ ಕುಳಿತವರೆಲ್ಲ ಹೌದೆಂದು ತಲೆಯಾಡಿಸಿದರು. ಇವರಿಗೆ ಸುಳ್ಳನ್ನು ಒಂದೇ ಸಲ ಹೇಳಿದ್ದೆ, ನಂಬಿದ್ದರು. ನಿಜವನ್ನು ಎರಡೆರಡು ಸಲ ಹೇಳಿದೆ, ನಂಬಲಿಲ್ಲ. ಅವನು ನಗುತ್ತ ನನಗೆ ಚಹಾ ತರಿಸಿದ.

ಕುಡಿಯದೆ ಎದ್ದು ಬಂದೆ. ನಾಳೆ ಮತ್ತೆ ಹೋಗಿ ಹೇಳಬೇಕು.