ಪೈಪು ಕಟ್ಟಿದ ದಿನ

ಹೆಮ್ಮಾಡಿಯ ಹೆದ್ದಾರಿ ಬದಿಯಲ್ಲಿ ಆ ತಾಯಿ ಮೀನು ಮಾರುತ್ತಿದ್ದರು. ಅವರ ಮಗಳು ನಾನು ಪಾಠ ಮಾಡುತ್ತಿದ್ದ ಮೂರನೇ ತರಗತಿಯಲ್ಲಿದ್ದಳು. ಹುಟ್ಟುವಾಗಲೇ ಅವಳ ಮಿದುಳಿನಲ್ಲಿ ನೀರು ತುಂಬಿತ್ತು. ಅದು ಹೊಟ್ಟೆಗೆ ಇಳಿದುಹೋಗಲೆಂದು ತಲೆಯಿಂದ ಕಿವಿಯ ಹಿಂದಾಗಿ ಚರ್ಮದಡಿಯಲ್ಲಿ ಸಣ್ಣ ಕೊಳವೆ ಹಾಕಿದ್ದರು. ದಿನವೂ ಶಾಲೆಗೆ ಬಿಡುವಾಗ ತಾಯಿ ಕೈಯನ್ನು ಸೆರಗಿಗೆ ಒರೆಸಿ, ಮಗಳ ಕಿವಿಯ ಹಿಂದೆ ಒಮ್ಮೆ ಸವರಿ ನೋಡುತ್ತಿದ್ದರು. ನಾವು ಕಾಳಜಿಯಿಂದ ವಿಚಾರಿಸಿದರೆ, "ಹೆದ್ರುದೆಂತಕೆ, ಕಾಂಬ" ಎನ್ನುತ್ತಿದ್ದರು, ನೋಡೋಣ ಎಂಬ ಧೈರ್ಯದಲ್ಲಿ.

ಒಂದು ಮಧ್ಯಾಹ್ನ ಹುಡುಗಿ ವಾಂತಿ ಮಾಡಿಕೊಂಡು ಬೆಂಚಿನ ಮೇಲೆ ತೂಕಡಿಸತೊಡಗಿದಳು. ಬಿಸಿಲಿನಿಂದ ಹೀಗಾಗಿದೆ ಎಂದುಕೊಂಡೇ ನಾನು ಫೋನ್ ಮಾಡಿದೆ. ತಾಯಿ ಬುಟ್ಟಿ ಬಿಟ್ಟು ಓಡಿ ಬಂದರು. ಮಗಳ ಕಣ್ಣು ನೋಡಿದವರೇ, "ಬಿಸ್ಲಲ್ಲ ಟೀಚರೇ, ಪೈಪ್ ಕಟ್ಕಂಡಿತ್" ಎಂದರು.

ರಿಕ್ಷಾದಲ್ಲಿ ನಾನೂ ಜೊತೆಗೆ ಹೋದೆ. ಕುಂದಾಪುರದ ಕ್ಲಿನಿಕ್ಕಿನಲ್ಲಿ ಎಳೆಯ ವೈದ್ಯರೊಬ್ಬರು, ಹೊಟ್ಟೆ ಕೆಟ್ಟಿದೆ, ಔಷಧಿ ಕೊಟ್ಟು ನಾಳೆ ಕರೆತನ್ನಿ ಎಂದರು.

"ನಾಳೆ ತನ್ಕ ಕಾಯುಕಾತಿಲ್ಲ ಡಾಕ್ಟ್ರೇ. ಇವತ್ತೇ ಸ್ಕ್ಯಾನ್ ಆಯ್ಕ್."

ತಾಯಿ ದನಿ ಏರಿಸಲಿಲ್ಲ, ಕುರ್ಚಿಯಿಂದ ಏಳಲೂ ಇಲ್ಲ. ಕೊನೆಗೆ ವೈದ್ಯರೇ ಚೀಟಿ ಬರೆದರು. ಸ್ಕ್ಯಾನಿನಲ್ಲಿ ಕೊಳವೆ ಮುಚ್ಚಿಹೋಗಿದ್ದುದು ಕಂಡಿತು. ಅಂದು ಸಂಜೆಯೇ ದೊಡ್ಡಾಸ್ಪತ್ರೆಯಲ್ಲಿ ಅದನ್ನು ಬದಲಿಸಿದರು. ತಡವಾಗಿದ್ದರೆ ಮಗು ಉಳಿಯುತ್ತಿರಲಿಲ್ಲ ಎಂದು ಅಲ್ಲಿನವರು ಹೇಳಿದರು.

ತಿಂಗಳೊಳಗೆ ಹುಡುಗಿ ಶಾಲೆಗೆ ಮರಳಿದಳು. ಅಂದು ತಾಯಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ನಾನಿಲ್ದಾಗ ನೀವೇ ಕಾಣ್ಕ್. ತಲೆನೋವು, ವಾಂತಿ, ಹೊತ್ತಲ್ಲದ ಹೊತ್ತಲ್ಲಿ ನಿದ್ದಿ. ಬರ್ಕಣಿ" ಎಂದರು.

ಇಪ್ಪತ್ತು ವರ್ಷ ಮಕ್ಕಳಿಗೆ ಉಕ್ತಲೇಖನ ಕೊಟ್ಟ ನಾನು ಪೆನ್ನು ತೆಗೆದು, ಒಂದಕ್ಷರವೂ ಬಿಡದೆ ಬರೆದುಕೊಂಡೆ.